ಇಪ್ಪತ್ತೆರಡು ಮಿಲಿಮೀಟರ್

ಎದೆಯ ಎಡಗಡೆ, ಬನಿಯನ್ನಿನ ಅಂಚಿನಿಂದ ಎರಡು ಬೆರಳು ಒಳಗೆ, ಸೂಜಿಯಿಂದ ಚುಚ್ಚಿ ತೆಗೆದಂತೆ ಬಂದು ಹೋಗುವ ಆ ನೋವು ಇವತ್ತೂ ಬರಬಹುದೆಂದು ಶ್ರೀನಿವಾಸಮೂರ್ತಿ ಎದ್ದಾಗಿನಿಂದ ಕಾಯುತ್ತಿದ್ದ. ಮೂರು ವಾರ ಬೇಡವೆಂದಾಗಲೆಲ್ಲ ಬಂದದ್ದು ಡಾಕ್ಟರ ಮುಂದೆ ಕೂರುವ ದಿನವೇ ಬಾರದೆ ಹೋದರೆ ತಾನು ಸುಳ್ಳುಗಾರನಾಗುತ್ತೇನೆಂಬ ಅಳುಕು, ಬಂದರೆ ಮುನಿರಾಜುವಿನ ಗತಿಯೇ ತನಗೂ ಎಂಬ ಭಯ, ಎರಡೂ ಒಟ್ಟಿಗೇ ಇದ್ದವು. ಮುನಿರಾಜು ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಅವನ ಪಕ್ಕದ ಮೇಜಿನಲ್ಲಿದ್ದವನು. ಕಳೆದ ತಿಂಗಳು ಪಾರ್ಕಿನ ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟಲು ಬಗ್ಗಿದವನು ಹಾಗೇ ಮುಂದಕ್ಕೆ ಬಿದ್ದುಬಿಟ್ಟಿದ್ದ. ಲೇಸು ಅರ್ಧ ಕಟ್ಟಿತ್ತು. ಅಂದಿನಿಂದ ಮೂರ್ತಿ ಶೂ ಬಿಟ್ಟು ಚಪ್ಪಲಿಯಲ್ಲೇ ವಾಕಿಂಗ್ ಹೋಗುತ್ತಿದ್ದ. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ನಿವೃತ್ತರ ಸಂಘದವರು ಇಂದಿರಾನಗರದ ಆಸ್ಪತ್ರೆಯೊಂದರಲ್ಲಿ ಹೃದಯ ತಪಾಸಣೆಗೆ ಏರ್ಪಾಡು ಮಾಡಿದ್ದಾರೆ, ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಚೀಟಿ ಎಂದು ತಿಳಿದಾಗ ಮೊದಲು ಹೆಸರು ಬರೆಸಿದವನು ಅವನೇ. ಹೆಂಡತಿ ಜಲಜಾ ಒಲ್ಲೆನೆಂದಿದ್ದಳು.

“ನಂಗೇನಾಗಿದೆ ಅಂತ? ನೀವ್ ಹೋಗ್ಬನ್ನಿ.”

“ಇಬ್ರಿಗೂ ಸೇರ್ಸಿ ಕೊಟ್ಟಿದಾರೆ ಕಣೇ. ನಾನೊಬ್ನೇ ಹೋದ್ರೆ ನಿಂದು ಸುಮ್ನೆ ವೇಸ್ಟ್ ಆಗುತ್ತೆ. ಬಾ.”

ವೇಸ್ಟ್ ಎಂಬ ಮಾತಿಗೆ ಅವಳು ಎದುರಾಡುವವಳಲ್ಲ. ಉಳಿದ ಅನ್ನವನ್ನು ಚಿತ್ರಾನ್ನ ಮಾಡುವ ಹಾಗೆ, ತನ್ನ ಪಾಲಿಗೆ ಬಂದ ಈ ತಪಾಸಣೆಯನ್ನೂ ಹಾಳಾಗಲು ಬಿಡದೆ ಸೀರೆ ಉಟ್ಟು ಹೊರಟಳು. ರಾಮಮೂರ್ತಿ ನಗರದ ಮನೆಯಿಂದ ಬೈಯಪ್ಪನಹಳ್ಳಿಯವರೆಗೆ ಸ್ಕೂಟರು, ಅಲ್ಲಿಂದ ಮೆಟ್ರೋ. ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದು ಅವನು ತಿರುಗಿ ನೋಡಿದಾಗ ಜಲಜಾ ನಡುವೆ ಎಲ್ಲೋ ಕಂಬಿ ಹಿಡಿದು, ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಆಫೀಸಿಗೆ ಹೋಗುವ ಹುಡುಗಿಯರು ಅವಳನ್ನು ಬಳಸಿಕೊಂಡು ಓಡಿ ಹತ್ತುತ್ತಿದ್ದರು. ಇವಳ ಚಪ್ಪಲಿ ಯಾವಾಗಲೂ ಮೆಟ್ಟಿಲಿನ ನಡುವೆಯೇ ಸಡಿಲವಾಗುತ್ತದೆ ಎಂದು ಅವನಿಗೆ ರೇಗಿತು. ಮದುವೆಯಾದ ವರ್ಷ ಸೆಕ್ಷನ್ನಿನವರೆಲ್ಲ ಸಂಸಾರ ಸಮೇತ ಕೋಲಾರದ ಅಂತರಗಂಗೆಗೆ ಹೋಗಿದ್ದಾಗಲೂ ಅವಳು ಅರ್ಧ ಮೆಟ್ಟಿಲಿಗೇ ಕೂತು, ನೀವು ಹೋಗ್ಬನ್ನಿ, ನಾನಿಲ್ಲೇ ಕೋತಿ ನೋಡ್ತಿರ್ತೀನಿ ಅಂದಿದ್ದಳು. ಐವತ್ತು ದಾಟಿದ ಫೋರ್‌ಮನ್ನನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹತ್ತಿದ್ದರು. ಇಪ್ಪತ್ತೆರಡರ ಇವಳು ಕೋತಿ ನೋಡುತ್ತಿದ್ದಳು. ಇಳಿದು ಬರುವಾಗ ಯಾರೋ ಏನೋ ಕೇಳಿದರೆಂದು ಮುಖ ಉಳಿಸಿಕೊಳ್ಳಲು ಅವನೇ ಅಂದದ್ದು: “ನಮ್ಮನೇದು ಪ್ಯಾಸೆಂಜರ್ ಗಾಡಿ ಗುರು, ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತೆ.” ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಗ ಅವರಿದ್ದ ಕಾರ್ಖಾನೆಯ ಕಾಲೋನಿಯಲ್ಲಿ ಆ ಹೆಸರು ಹತ್ತು ವರ್ಷ ಉಳಿಯಿತು. ಅವನ ತಾಯಿಗೆ ತಮಾಷೆಯ ಹಂಗಿರಲಿಲ್ಲ. ನೀರಿನ ಟ್ಯಾಂಕರ್ ಬಂದ ದಿನ ಎರಡನೆಯ ಮಹಡಿಗೆ ಎರಡು ಬಿಂದಿಗೆ ಹೊತ್ತು ಮೂರನೆಯದಕ್ಕೆ ಗೋಡೆಗೊರಗಿದ ಸೊಸೆಯನ್ನು ನೋಡಿ ಆಕೆ, ಬಾಗಿಲಲ್ಲಿ ನಿಂತ ಎದುರುಮನೆಯವರಿಗೆ ಕೇಳುವಂತೆ, “ಸೋಮಾರಿ ಮೈ, ಬಗ್ಗೋದೇ ಇಲ್ಲ” ಎನ್ನುತ್ತಿದ್ದಳು. ಮೂರ್ತಿ ಆಗ ಪೇಪರು ಓದುತ್ತಿರುತ್ತಿದ್ದ.

ಆಸ್ಪತ್ರೆಯಲ್ಲಿ ಎಲ್ಲವೂ ತಣ್ಣಗಿತ್ತು. ತೋಳಿನಿಂದ ರಕ್ತ ತೆಗೆದರು, ತೂಕ ನೋಡಿದರು, ಬಿ.ಪಿ. ನೋಡಿದರು. ತುಂಬಲು ಕೊಟ್ಟ ಫಾರ್ಮಿನಲ್ಲಿ ಎದೆನೋವು ಬರುತ್ತದೆಯೇ ಎಂಬ ಪ್ರಶ್ನೆಗೆ ಮೂರ್ತಿ ಹೌದೆಂದು ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದ. ಪಕ್ಕದಲ್ಲಿ ಜಲಜಾ ಎಲ್ಲ ಪ್ರಶ್ನೆಗಳಿಗೂ ಇಲ್ಲ, ಇಲ್ಲ, ಇಲ್ಲ ಎಂದು ಬರೆದು, ‘ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ’ ಎಂಬಲ್ಲಿ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದಳು. “ವಯಸ್ಸಾದ್ಮೇಲೆ ಎಲ್ರಿಗೂ ಕಟ್ಟುತ್ತೆ, ಇಲ್ಲ ಅಂತ ಹಾಕು” ಎಂದ. ಹಾಕಿದಳು. ಆಮೇಲೆ ಅವಳನ್ನು ಹೆಂಗಸರ ಕಡೆಗೆ, ಅವನನ್ನು ಗಂಡಸರ ಕಡೆಗೆ ಕರೆದೊಯ್ದರು. ಕರೀಂ ಎಂಬ ಟೆಕ್ನೀಷಿಯನ್ ಅಂಗಿ ಬಿಚ್ಚಿಸಿ, ತಂತಿ ಅಂಟಿಸಲು ಜಾಗ ಬೇಕೆಂದು ಎದೆಯ ಕೂದಲನ್ನು ಅಲ್ಲಲ್ಲಿ ಬೋಳಿಸಿದ. ನರೆತ ಕೂದಲಿನ ನಡುವೆ ರೂಪಾಯಿಯಗಲ ಬಿಳಿಯ ಚರ್ಮ ಹೊರಬಿದ್ದದ್ದು ನೋಡಿ ಮೂರ್ತಿಗೆ ತಾನು ಕುರಿಯಾದೆನೆನ್ನಿಸಿತು. ಇಸಿಜಿ ಕಾಗದ ಹೊರಬಂತು. ಕತ್ತಲೆ ಕೋಣೆಯಲ್ಲಿ ತಣ್ಣನೆಯ ಜೆಲ್ಲು ಹಚ್ಚಿ ಎಕೋ ಸ್ಕ್ಯಾನು ಮಾಡಿದರು. ಪರದೆ ಅವನತ್ತ ಇರಲಿಲ್ಲ. ಕೊನೆಗೆ ಟ್ರೆಡ್‌ಮಿಲ್. ಪ್ಯಾಂಟಿನ ಮೇಲೆ ಬರೀ ತಂತಿಗಳನ್ನುಟ್ಟು ನಡೆಯತೊಡಗಿದಾಗ ಮುನಿರಾಜುವಿನ ಬೆನ್ನು ನೆನಪಾಯಿತು, ಬೆಂಚಿನಿಂದ ಬಾಗಿದ್ದು. ಈಗ ಬರುತ್ತದೆ, ಈಗ ಬರುತ್ತದೆ. ವೇಗ ಹೆಚ್ಚಿತು, ಏರು ಹೆಚ್ಚಿತು, ಬೆವರು ಕಣ್ಣಿಗಿಳಿಯಿತು. ನೋವು ಬರಲಿಲ್ಲ.

“ಸೂಪರ್ ಅಂಕಲ್. ಒಂಬತ್ತು ನಿಮಿಷ. ನಮ್ಮ ವಯಸ್ಸಿನೋರೇ ಇಷ್ಟು ಓಡಲ್ಲ” ಅಂದ ಕರೀಂ.

ಡಾಕ್ಟರ್ ರಂಜನಾ ಅವನ ಮಗಳ ವಯಸ್ಸಿನವಳು. ಕಾಗದಗಳನ್ನು ತಿರುವಿ ಹಾಕಿ, ಕೈಯಿಂದ ಎದೆ ಒತ್ತಿ ನೋಡಿ, “ಇಲ್ಲಿ ಒತ್ತಿದ್ರೆ ನೋಯುತ್ತಲ್ಲ? ಇದು ಪಕ್ಕೆಲುಬಿನ ಸ್ನಾಯು. ಹಾರ್ಟ್ ಏನೂ ಅಲ್ಲ, ಆರಾಮಾಗಿರಿ” ಎಂದಳು. ಅವನು ಎದ್ದು ನಿಂತು ಥ್ಯಾಂಕ್ಸ್ ಅಂದ. ಹೊರಗೆ ಬಂದಾಗ ಆದದ್ದು ಸಂತೋಷ ಹೌದೋ ಅಲ್ಲವೋ ತಿಳಿಯಲಿಲ್ಲ. ಮೂರು ವಾರ ತಾನು ಯಾರಿಗೂ ತಿಳಿಯದಂತೆ ಹೊತ್ತು ತಿರುಗಿದ ಸಾವು ಬರೀ ಸ್ನಾಯುವಾಗಿತ್ತು. ಯಾರೋ ತನ್ನಿಂದ ಏನನ್ನೋ ಕಿತ್ತುಕೊಂಡಂತೆ, ಅದೂ ಒಬ್ಬ ಹುಡುಗಿ ಬೆರಳ ತುದಿಯಿಂದ ಕಿತ್ತುಕೊಂಡಂತೆ ಸಣ್ಣಗೆ ಅವಮಾನವಾಯಿತು. ಜಲಜಾ ಇನ್ನೂ ಒಳಗಿದ್ದಳು. ಹಸಿವು ಜೋರಾಗಿ ತಿಂಡಿಯ ಚೀಟಿ ಕೊಟ್ಟು ಕ್ಯಾಂಟೀನಿನಲ್ಲಿ ಇಡ್ಲಿ ವಡೆ ತೆಗೆದುಕೊಂಡ. ಅವಳೂ ರಾತ್ರಿಯಿಂದ ಉಪವಾಸವಿದ್ದಾಳೆ, ಕಾಯಬಹುದಿತ್ತು ಎಂಬ ಯೋಚನೆ ಬಂದದ್ದು ವಡೆಯನ್ನು ಸಾಂಬಾರಿಗೆ ಅದ್ದಿದ ಮೇಲೆ. ಇವಳದ್ದು ಇಲ್ಲಿಯೂ ನಿಧಾನ ಎಂದುಕೊಂಡು ಅದನ್ನು ತಿಂದು ಮುಗಿಸುವ ಹೊತ್ತಿಗೆ ನರ್ಸು ಬಂದು, “ಜಲಜಾ ಅವರ ಅಟೆಂಡರ್ ಯಾರು? ಬನ್ನಿ, ಎಕೋ ರೂಮಲ್ಲಿ ಡಾಕ್ಟ್ರು ಕರೀತಿದಾರೆ” ಎಂದಳು. ಕೈ ತೊಳೆಯುವುದನ್ನು ಮರೆತು ಎದ್ದ.

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಜಲಜಾ ಎಡಮಗ್ಗುಲಾಗಿ ಮಲಗಿದ್ದಳು, ಮೇಲೆ ನೀಲಿ ಹೊದಿಕೆ, ಹೊರಗೆ ಕಾಣುತ್ತಿದ್ದದ್ದು ಗಂಟು ಬಿಚ್ಚಿದ ಕೂದಲು ಮತ್ತು ಒಂದು ಪಾದ. ಅವಳ ಬೆನ್ನ ಹಿಂದೆ ಕೂತ ಜಹನಾರಾ ಎಂಬ ಟೆಕ್ನೀಷಿಯನ್ ಹೊದಿಕೆಯ ಒಳಗೆ ಕೈಯಿಟ್ಟು, ಇನ್ನೊಂದು ಕೈಯಿಂದ ಗುಂಡಿಗಳನ್ನು ಒತ್ತುತ್ತಿದ್ದಳು. ಡಾಕ್ಟರ್ ರಂಜನಾ ಪರದೆಗೆ ತೀರ ಹತ್ತಿರ ನಿಂತಿದ್ದಳು. “ಬನ್ನಿ ಸಾರ್. ಗಾಬರಿ ಬೇಡ. ಒಂದ್ ವಿಷಯ ತೋರಿಸ್ಬೇಕು” ಎಂದು ಪರದೆಯನ್ನು ಅವನತ್ತ ತಿರುಗಿಸಿದಳು. ಬೂದುಬಣ್ಣದ ಬೀಸಣಿಗೆಯಂಥ ಬೆಳಕಿನೊಳಗೆ ಏನೋ ಬಾಯಿ ತೆರೆದು ಮುಚ್ಚುತ್ತಿತ್ತು, ತೆರೆದು ಮುಚ್ಚುತ್ತಿತ್ತು. ಎರಡು ತೆಳುವಾದ ಎಸಳುಗಳು ಒಂದನ್ನೊಂದು ಮುಟ್ಟಿ ಬಿಡುತ್ತಿದ್ದವು. ಅವಸರವಿಲ್ಲ, ಬೇಸರವಿಲ್ಲ. ಅದು ಅವಳದ್ದು ಎಂದು ಅರ್ಥವಾಗಲು ಅವನಿಗೆ ಕ್ಷಣ ಹಿಡಿಯಿತು. ಮೂವತ್ತೊಂದು ವರ್ಷ ಒಂದೇ ಹಾಸಿಗೆಯಲ್ಲಿ, ಒಂದು ಗೇಣು ದೂರದಲ್ಲಿ, ತಾನು ಮಲಗಿದ್ದಾಗಲೂ ಇದು ಹೀಗೇ ತೆರೆದು ಮುಚ್ಚುತ್ತಿತ್ತು. ಈ ಹೆಂಗಸಿನ ಮೈಯ ಎಲ್ಲ ಗುರುತುಗಳೂ ತನಗೆ ಗೊತ್ತೆಂದು ತಿಳಿದಿದ್ದವನು ಪರಸ್ಥಳದವನ ಹಾಗೆ ನಿಂತು ನೋಡಿದ.

“ಇದು ಎಡಗಡೆ, ಇದು ಬಲಗಡೆ. ಬಲಗಡೆಯದು ಎಷ್ಟು ದೊಡ್ಡದಾಗಿದೆ ನೋಡಿ. ಇಷ್ಟಿರಬಾರ್ದು” ಎಂದು ಡಾಕ್ಟರ್ ಬೆರಳಿಟ್ಟಳು. “ಮಧ್ಯೆ ಈ ಗೋಡೆ ಇದೆಯಲ್ಲ, ಇಲ್ಲಿ... ಜಹನಾರಾ, ಕಲರ್ ಹಾಕು.”

ಬೂದು ಗೋಡೆಯ ನಡುವೆ, ಗೋಡೆ ಇರಬೇಕಾದ ಕಡೆ, ಕಿತ್ತಳೆ ಬಣ್ಣದ ಒಂದು ಧಾರೆ ಚಿಮ್ಮಿತು. ಮತ್ತೆ ಚಿಮ್ಮಿತು. ಪ್ರತಿ ಬಡಿತಕ್ಕೂ ಎಡಗಡೆಯಿಂದ ಬಲಗಡೆಗೆ ಹಾಯುತ್ತಲೇ ಇತ್ತು. ಜಹನಾರಾ ಯಾವುದೋ ಗುಂಡಿ ಒತ್ತಿದಳು. ಕೋಣೆಯ ತುಂಬ ಸದ್ದು ಹಬ್ಬಿತು. ದೊಡ್ಡ ಗಾಳಿಯಲ್ಲಿ ಒದ್ದೆ ಬಟ್ಟೆ ಪಟಪಟಿಸುವಂಥ ಸದ್ದು. ಅದರಲ್ಲಿ ಅಷ್ಟು ಬಲವಿರುತ್ತದೆಂದು ಅವನು ಎಣಿಸಿರಲಿಲ್ಲ.

“ತೂತು” ಎಂದಳು ಡಾಕ್ಟರ್. “ಹುಟ್ಟಿದಾಗಿಂದ ಇದೆ. ತಾಯಿ ಹೊಟ್ಟೇಲಿರುವಾಗ ಎಲ್ರಿಗೂ ಅಲ್ಲೊಂದು ದಾರಿ ಇರುತ್ತೆ, ಆಮೇಲೆ ಮುಚ್ಕೊಳ್ಳುತ್ತೆ. ಇವರಲ್ಲಿ ಗೋಡೆ ಪೂರ್ತಿ ಬೆಳೆದೇ ಇಲ್ಲ. ಮೈಗೆ ಹೋಗ್ಬೇಕಾದ ರಕ್ತ ವಾಪಸ್ ಬಲಗಡೆಗೆ ಬಂದು ಮತ್ತೆ ಶ್ವಾಸಕೋಶಕ್ಕೇ ಹೋಗ್ತಿದೆ. ಒಂದು ಸಲ ಮಾಡೋ ಕೆಲಸನ ಎರಡು ಸಲ ಮಾಡ್ತಿದೆ ಹೃದಯ. ಎಷ್ಟಿದೆ ಜಹನಾರಾ?”

“ಟ್ವೆಂಟಿ ಟೂ ಮಿಲಿಮೀಟರ್, ಮೇಡಂ.”

ಇಪ್ಪತ್ತೆರಡು ಮಿಲಿಮೀಟರ್. ಉಳಿದ ಮಾತುಗಳು ಯಾರಿಗೋ ಹೇಳಿದಂತೆ ಕೇಳುತ್ತಿದ್ದವು, ಈ ಅಳತೆ ಮಾತ್ರ ನೇರವಾಗಿ ಕೈಗೆ ಬಂತು. ತೂತುಗಳನ್ನು ಅಳೆಯುವುದೇ ಅವನ ಕಸುಬಾಗಿತ್ತು. ಮೂವತ್ತನಾಲ್ಕು ವರ್ಷ ದಿನವೂ ಲೋಹದ ತುಂಡುಗಳಲ್ಲಿ ಕೊರೆದ ತೂತಿನೊಳಗೆ ಗೇಜು ಇಳಿಸಿ, ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಟ್ಟವನು. ಮೂರ್ತಿಯ ಕಣ್ಣು ತಪ್ಪಿಸಿ ಏನೂ ಹೋಗದು ಎಂದು ಮ್ಯಾನೇಜರು ಬೀಳ್ಕೊಡುಗೆಯಲ್ಲಿ ಹೇಳಿದ್ದರು. ಇಪ್ಪತ್ತೆರಡು ಮಿಲಿಮೀಟರ್ ಎಂದರೆ ತನ್ನ ಹೆಬ್ಬೆರಳು ಸಲೀಸಾಗಿ ಹಾಯುವ ತೂತು. ಅಷ್ಟನ್ನು ಎದೆಯೊಳಗಿಟ್ಟುಕೊಂಡು ಅವಳು ಬಿಂದಿಗೆ ಹೊತ್ತಳು. ಮಗಳು ಇಂಚರಾಳನ್ನು ಹೊತ್ತಳು, ಹೆತ್ತಳು. ಬಾಣಂತನದ ತಿಂಗಳೆಲ್ಲ ಉಸಿರಿಗೆ ತಡಕಾಡಿದಾಗ ನಿತ್ರಾಣವೆಂದು ಟಾನಿಕ್ ಕುಡಿಸಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷ ಎತ್ತಿ ಕೂರಿಸಿ ಎತ್ತಿ ಮಲಗಿಸಿದಳು. ಕಾರ್ಖಾನೆಯ ಯಾವ ಪಂಪನ್ನೂ ನಿಲ್ಲಿಸದೆ, ಎಣ್ಣೆ ಬಿಡದೆ ಒಂದು ತಿಂಗಳು ಓಡಿಸಿದ್ದಿಲ್ಲ. ಇದು ಐವತ್ಮೂರು ವರ್ಷದಿಂದ, ಸೋರುತ್ತ, ಸೋರಿದ್ದನ್ನು ಮತ್ತೆ ತುಂಬಿಕೊಳ್ಳುತ್ತ, ಯಾರಿಗೂ ಒಂದು ಮಾತು ದೂರದೆ ಓಡಿತ್ತು. ಆಗ ಅವನಿಗೆ ಚಪ್ಪಲಿಯ ಗುಟ್ಟು ತಿಳಿಯಿತು. ಅವು ಸಡಿಲವಾಗಿರಲಿಲ್ಲ. ಯಾರದೋ ಕಾಂಪೌಂಡಿನ ದಾಸವಾಳ ನೋಡಲು ನಿಂತದ್ದು, ಕೊಳ್ಳದ ಸೊಪ್ಪಿನ ಬೆಲೆ ಕೇಳಿದ್ದು, ಹಲಸೂರು ಕೆರೆಯ ಏರಿಯ ಮೇಲೆ ಎಷ್ಟು ಚೆನ್ನಾಗಿದೆ ಅಲ್ವಾ ಎಂದು ಅವನ ತೋಳು ಹಿಡಿದು ನಿಲ್ಲಿಸಿದ್ದು, ಎಲ್ಲವೂ ಉಸಿರು. ಮಾನ ಕಳೆದುಕೊಳ್ಳದೆ ಉಸಿರು ತೆಗೆದುಕೊಳ್ಳುವ ವಿದ್ಯೆಯನ್ನು ಅವಳು ಯಾರ ಸಹಾಯವೂ ಇಲ್ಲದೆ ಕಲಿತಿದ್ದಳು, ಅದೂ ಅವನಿಂದ ಬಚ್ಚಿಡಲೆಂದು. ಮೂರ್ತಿ ಸ್ಟೂಲಿನ ಮೇಲೆ ಕೂತ. ಬೆರಳಿನಲ್ಲಿ ಇನ್ನೂ ಸಾಂಬಾರಿನ ವಾಸನೆಯಿತ್ತು.

“ನಂಗೂ ತೋರ್ಸಮ್ಮ” ಎಂದಳು ಜಲಜಾ. ಮಲಗಿದಲ್ಲಿಂದಲೇ ಅಂದದ್ದು.

ಜಹನಾರಾ ಪರದೆಯನ್ನು ಅವಳ ಕಡೆಗೆ ತಿರುಗಿಸಿ, ಕತ್ತಿನ ಕೆಳಗೆ ದಿಂಬು ಸರಿಮಾಡಿದಳು. “ಇಲ್ಲಿ ನೋಡಿ ಆಂಟಿ, ಇದೇ ನಿಮ್ದು.” ಜಲಜಾ ಬಹಳ ಹೊತ್ತು ನೋಡಿದಳು. ಆ ಕಿತ್ತಳೆ ಬೆಳಕು ಅವಳ ಕೆನ್ನೆಯ ಮೇಲೆ ಬಂದು ಹೋಗಿ ಮಾಡುತ್ತಿತ್ತು. ಹೆದರುತ್ತಾಳೆ, ಅಳುತ್ತಾಳೆ, ತಾನು ಎದ್ದು ಕೈ ಹಿಡಿಯಬೇಕಾಗುತ್ತದೆ ಎಂದು ಅವನು ಸಿದ್ಧನಾದ. ಅವಳು ಅಳಲಿಲ್ಲ.

“ಹಾಗಾದ್ರೆ ನಾನು ಸೋಮಾರಿ ಅಲ್ವಾ ಡಾಕ್ಟ್ರೇ?”

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಏನಂದ್ರಿ?”

“ಎಲ್ರೂ ಸೋಮಾರಿ ಅಂತಿದ್ರು. ನಮ್ಮಮ್ಮನೂ. ನಾನೂ ಹಂಗೇ ಅನ್ಕೊಂಡಿದ್ದೆ. ಬೇರೆಯೋರಿಗೆಲ್ಲ ಮನಸ್ಸು ಗಟ್ಟಿ, ನಂಗೆ ಮಾತ್ರ ಮನಸ್ಸೇ ಇಲ್ಲ, ಅದಕ್ಕೇ ಕೂತುಬಿಡ್ತೀನಿ ಅಂತ.”

ಡಾಕ್ಟರ್ ರಂಜನಾ ಕನ್ನಡಕ ತೆಗೆದಳು. ಮೂರ್ತಿಯ ಎದೆ ಒತ್ತಿ ನೋಡಿದಾಗ ಇಲ್ಲದಿದ್ದ ಮೆತ್ತಗಿನ ದನಿಯಲ್ಲಿ, “ಸೋಮಾರಿನಾ? ಅಮ್ಮಾ, ನೀವು ಹುಟ್ಟಿದ ದಿನದಿಂದ ಓವರ್‌ಟೈಮ್ ಮಾಡ್ತಿದೀರ. ಇಷ್ಟು ದಿನ ಇಷ್ಟು ಚೆನ್ನಾಗಿ ನಡೆಸ್ಕೊಂಡ್ ಬಂದಿದೀರಲ್ಲ, ಅದೇ ನಂಗೆ ಆಶ್ಚರ್ಯ” ಎಂದಳು. ಜಲಜಾ ಮತ್ತೆ ಪರದೆಯತ್ತ ತಿರುಗಿ, ಮೊದಲ ಸಲ ಮಗುವಿನ ಮುಖ ತೋರಿಸಿದಾಗ ನೋಡಿದ್ದಳಲ್ಲ, ಹಾಗೆ ನೋಡಿದಳು. “ಪಾಪ” ಎಂದಳು. ಅದು ತನ್ನ ಹೃದಯಕ್ಕೆ ಹೇಳಿದ್ದು.

ಡಾಕ್ಟರ್ ಮುಂದಿನದನ್ನು ವಿವರಿಸಿದಳು. ಅವಳಿಗೆ ಟ್ರೆಡ್‌ಮಿಲ್ ಬೇಡ. ಗಂಟಲಿನ ಮೂಲಕ ಇನ್ನೊಂದು ಸ್ಕ್ಯಾನು ಮಾಡಿ ತೂತಿನ ಅಂಚು ನೋಡಬೇಕು. ಅಂಚು ಗಟ್ಟಿಯಿದ್ದರೆ ಎದೆ ಕೊಯ್ಯುವುದು ಬೇಡ, ತೊಡೆಯ ರಕ್ತನಾಳದಿಂದ ಒಂದು ಪುಟ್ಟ ಜಾಲರಿಯ ಬಿಲ್ಲೆ ಕಳಿಸಿ ಮುಚ್ಚಬಹುದು. ಮಗಳೂ ಒಡಹುಟ್ಟಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್ನು ಹತ್ತು ವರ್ಷ ಬಿಟ್ಟಿದ್ದರೆ ಮುಚ್ಚಲಾಗದ ಸ್ಥಿತಿಗೆ ಬರಬಹುದಿತ್ತು. “ಒಳ್ಳೇದಾಯ್ತು ಸಾರ್, ಕರ್ಕೊಂಡ್ ಬಂದ್ರಿ” ಎಂದು ಅವನ ಕಡೆ ನೋಡಿ ನಕ್ಕಳು. ಆ ಹೊಗಳಿಕೆ ಅವನ ಮೇಲೆ ಬಿಸಿನೀರು ಬಿದ್ದಂತೆ ಬಿತ್ತು. ವೇಸ್ಟ್ ಆಗುತ್ತೆ ಎಂದು ಕರೆದುಕೊಂಡು ಬಂದದ್ದು. ಹೇಳಬೇಕೆಂದು ಬಾಯಿ ತೆರೆದ. ಜಲಜಾ ಸೆರಗು ಸರಿಮಾಡಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು. ಅವಳ ತುಟಿಯ ತುದಿಯಲ್ಲಿ ನಗುವಿತ್ತು. ಅವನು ಬಾಯಿ ಮುಚ್ಚಿದ.

ಕ್ಯಾಂಟೀನಿನಲ್ಲಿ ಅವಳ ಮುಂದೆ ಇಡ್ಲಿ ತಂದಿಟ್ಟು ಅವನು ಎದುರಿಗೆ ಕೂತ. “ಜಲಜಾ, ನಾನು... ಅಮ್ಮ ಹಂಗಂದಾಗ ನಾನು ಯಾವತ್ತೂ... ಆ ಹೆಸರಿಟ್ಟಿದ್ದೂ ನಾನೇ...”

“ಸುಮ್ನಿರ್ರೀ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ತಪ್ಪಿನ ಕಥೆ ನಾಳೆ ಹೇಳ್ಕೊಳ್ಳೋರಂತೆ, ಕೇಳ್ತೀನಿ. ಅದು ತುಂಬಾ ಇದೆ, ಎಲ್ಲೂ ಹೋಗಲ್ಲ. ಇವತ್ತು ನಂದು.” ಎರಡು ಇಡ್ಲಿ ನಿಧಾನವಾಗಿ, ಚಟ್ನಿಯನ್ನು ಬೆರಳಿನಿಂದ ಸವರಿ ತಿಂದಳು. ಆಮೇಲೆ ಫೋನು ತೆಗೆದು ಇಂಚರಾಳಿಗೆ, ಲಿಂಗರಾಜಪುರದ ತಂಗಿ ಹಂಸಾಳಿಗೆ, ಕಾಲೋನಿಯಲ್ಲಿ ಹಿಂದೆ ಎದುರುಮನೆಯಲ್ಲಿದ್ದವರಿಗೆ, ಒಬ್ಬೊಬ್ಬರಿಗೂ ಹೇಳಿದಳು. ಮೆಟ್ರೋದಲ್ಲಿ ಕೂತ ಮೇಲೂ ಮುಗಿಯಲಿಲ್ಲ. “ಹೂಂ ಕಣೇ ಹಂಸ, ತೂತು! ಹುಟ್ಟಿದಾಗಿಂದ! ಇಪ್ಪತ್ತೆರಡು ಮಿಲಿಮೀಟರ್!” ಎದುರು ಸೀಟಿನವರು ತಲೆಯೆತ್ತಿ ನೋಡಿದರು. ಬಹುಮಾನ ಬಂದವಳ ಹಾಗೆ ಹೊಳೆಯುತ್ತಿದ್ದ ಆ ಮುಖದ ಪಕ್ಕ ಅವನು ಇಬ್ಬರ ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತನ್ನದು ತೆಳ್ಳಗಿತ್ತು.

ಮರುದಿನ ಅವಳು ಕೇಳಿದಳು. ಸೊಪ್ಪು ಬಿಡಿಸುತ್ತ ಕೂತು, ಹೇಳಿ ಈಗ, ಅಂದಳು. ಅವನು ಅಂತರಗಂಗೆಯಿಂದ ಶುರುಮಾಡಿ ಹೇಳಿದ. ನಡುನಡುವೆ ಅವನಿಗೆ ನೆನಪಿಲ್ಲದ್ದನ್ನು ಅವಳು ನೆನಪಿಸಿದಳು, ದಿನ ವಾರ ಸಮೇತ. ಇಬ್ಬರೂ ಹೇಳಿ ಮುಗಿದಾಗ ಮಧ್ಯಾಹ್ನವಾಗಿತ್ತು. ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. “ಇನ್ಮೇಲೆ ಮಹಡಿಗೆ ಬಟ್ಟೆ ನೀವೇ ಒಣಗ್ಹಾಕಿ” ಅಂದಳು. ಅವನಿಗೆ ಅದು ಶಿಕ್ಷೆಯಲ್ಲ, ಕೊಟ್ಟ ಕೆಲಸವೆನ್ನಿಸಿತು.

ಅಂಚು ಗಟ್ಟಿಯಿತ್ತು. ತಿಂಗಳ ನಂತರ ಒಂದು ಸೋಮವಾರ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು, ಊಟದ ಹೊತ್ತಿಗೆ ಹೊರಗೆ ತಂದರು. ತೊಡೆಯಲ್ಲಿ ಒಂದು ಸಣ್ಣ ಪಟ್ಟಿ, ಅಷ್ಟೇ. ಇಷ್ಟು ದೊಡ್ಡದು ಇಷ್ಟು ಸಣ್ಣ ದಾರಿಯಲ್ಲಿ ಹೋಗಿ ಸರಿಯಾಯಿತೆಂಬುದನ್ನು ನಂಬಲು ಅವನು ಆ ಪಟ್ಟಿಯನ್ನೇ ನೋಡುತ್ತ ಕೂತಿದ್ದ. ಮರುದಿನ ಜಹನಾರಾ ಮತ್ತೆ ಕತ್ತಲೆ ಕೋಣೆಯಲ್ಲಿ ಪರದೆ ತಿರುಗಿಸಿ ತೋರಿಸಿದಳು: ಗೋಡೆ ಒಂದು ಅಂಚಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿತ್ತು, ಕಿತ್ತಳೆ ಬಣ್ಣ ಎಲ್ಲೂ ಹಾಯುತ್ತಿರಲಿಲ್ಲ. ಏನನ್ನಿಸುತ್ತೆ ಆಂಟಿ ಎಂದು ಕೇಳಿದ್ದಕ್ಕೆ ಜಲಜಾ ಸ್ವಲ್ಪ ಹೊತ್ತು ಕಿವಿಗೊಟ್ಟವಳ ಹಾಗೆ ಮಲಗಿದ್ದು, “ಮನೇಲೆಲ್ಲೋ ಬಿಟ್ಟಿದ್ದ ನಲ್ಲೀನ ಯಾರೋ ನಿಲ್ಸಿದಂಗಿದೆ” ಎಂದಳು.

ಎರಡು ತಿಂಗಳು ಕಳೆದಿತ್ತು. ಇಂಚರಾಳ ಎಕೋ, ಹಂಸಾಳ ಎಕೋ ಎರಡೂ ಸರಿಯಾಗಿದ್ದವು. ಒಂದು ಬೆಳಿಗ್ಗೆ ಬಟ್ಟೆಯ ಬಕೆಟ್ಟು ಮಹಡಿಯಲ್ಲಿಟ್ಟು, ಕ್ಲಿಪ್ಪು ಸಾಲದೆ ಮೂರ್ತಿ ಕೆಳಗಿಳಿದು ಬಂದ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಿಂದ ಯಾರೋ ಹಾಡುವುದು ಕೇಳಿಸಿ ರೇಡಿಯೋ ಎಂದುಕೊಂಡ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಜಲಜಾ ಕಿಟಕಿಯ ಕಡೆ ಮುಖ ಮಾಡಿ ತೆಂಗಿನಕಾಯಿ ತುರಿಯುತ್ತಿದ್ದಳು. ಹಾಡು ಯಾವುದೋ ಹಳೆಯ ಶಾಲೆಯ ಪ್ರಾರ್ಥನೆ. ಅವಳು ಹಾಡುತ್ತಾಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಪ್ರಾರ್ಥನೆಯ ಗುಂಪಿನಿಂದ ಉದ್ದನೆಯ ಸಾಲು ಎಳೆಯಲಾಗದೆ ಬಿಡಿಸಿದ್ದರೆಂದು ಆಮೇಲೆ ಹೇಳಿದಳು. ದನಿ ಅಷ್ಟೇನೂ ಇಂಪಾಗಿರಲಿಲ್ಲ, ಅಲ್ಲಲ್ಲಿ ಒರಟಾಗಿತ್ತು, ಆದರೆ ಅವಸರಪಡದೆ ಸಾಲಿನ ಕೊನೆಯ ಅಕ್ಷರವನ್ನು ಹಿಡಿದು, ಅದನ್ನು ಮೇಲಕ್ಕೇರಿಸಿ, ಅಲ್ಲೇ ನಿಲ್ಲಿಸಿತು. ಬಾಗಿಲಲ್ಲಿ ನಿಂತವನು ಸದ್ದಾಗದಿರಲೆಂದು ಉಸಿರು ಹಿಡಿದ. ತುರಿಯುವ ಕೈ ನಿಂತಿತ್ತು, ಅವಳ ಬೆನ್ನು ನೆಟ್ಟಗಿತ್ತು, ಅಕ್ಷರ ಇನ್ನೂ ಗಾಳಿಯಲ್ಲಿತ್ತು. ಅವನ ಕಿವಿಯಲ್ಲಿ ರಕ್ತ ಬಡಿಯತೊಡಗಿತು, ಎದೆ ಬಿಗಿಯಿತು, ಇನ್ನು ಆಗುವುದಿಲ್ಲವೆನ್ನಿಸಿ ಅವನು ಬಾಯಿ ತೆರೆದು ಉಸಿರೆಳೆದುಕೊಂಡ. ಅವಳದ್ದು ಇನ್ನೂ ಮುಗಿದಿರಲಿಲ್ಲ.